ದೋಸೆ ತಿಂದವರಿಗೂ ಲೆಕ್ಕ ಬೇಕು

"ಈ ಸಲ ಮೇಳ ಬೇಡ ಅಂತ ತೀರ್ಮಾನ ಮಾಡಿದ್ವಿ." ಕಳೆದ ಒಂದೂವರೆ ವರ್ಷದಲ್ಲಿ ಎರಡು ಬೇರೆ ಬೇರೆ ಊರಿನ ರೋಟರಿ ಕ್ಲಬ್ಬಿನವರು ನನಗೆ ಹೆಚ್ಚು ಕಡಿಮೆ ಇದೇ ಮಾತು ಹೇಳಿದರು. ಎರಡೂ ಕರ್ನಾಟಕದ ತಾಲ್ಲೂಕು ಕೇಂದ್ರಗಳು. ಮೇಳ ಅಂದರೆ ನಿಮಗೆ ಗೊತ್ತಿರುವುದೇ. ಚಳಿಗಾಲದಲ್ಲಿ ಹೈಸ್ಕೂಲು ಮೈದಾನಕ್ಕೆ ಶಾಮಿಯಾನ ಹಾಕಿ ಮೂರು ಸಂಜೆ ನಡೆಸುವ ತಿಂಡಿ ಜಾತ್ರೆ. ಒಂದು ಕಡೆ ಬೆಣ್ಣೆ ದೋಸೆ, ಇನ್ನೊಂದು ಕಡೆ ಮಿರ್ಚಿ ಮಂಡಕ್ಕಿ, ಮಕ್ಕಳಿಗೆ ತಿರುಗುವ ತೊಟ್ಟಿಲು, ವೇದಿಕೆಯ ಮೇಲೆ ರಾಗ ತಪ್ಪಿದರೂ ದನಿ ತಗ್ಗಿಸದ ಆರ್ಕೆಸ್ಟ್ರಾ, ಕೊನೆಯ ದಿನ ಲಕ್ಕಿ ಡ್ರಾ. ಉಳಿದ ದುಡ್ಡು ಕ್ಲಬ್ಬಿನ ಸೇವಾ ಕಾರ್ಯಗಳಿಗೆ.

ಬೇಡ ಅನ್ನುವುದಕ್ಕೆ ಅವರು ಕೊಟ್ಟ ಕಾರಣ ಸರಳವಾಗಿತ್ತು. ಮೂರು ದಿನ ಮೈ ಮುರಿದು ದುಡಿದರೂ ಕೈಗೆ ಬರುವುದು ಅಷ್ಟಕ್ಕಷ್ಟೆ. ಅದರ ಬದಲು ಒಂದು ಗ್ಲೋಬಲ್ ಗ್ರಾಂಟ್ ತಂದರೆ, ಅಥವಾ ಯಾವುದಾದರೂ ಕಂಪನಿಯ ಸಿಎಸ್‌ಆರ್ ಹಣ ಹಿಡಿದರೆ, ಹತ್ತು ಮೇಳದ ದುಡ್ಡು ಒಂದೇ ಸಲಕ್ಕೆ ಬಂದು ಬೀಳುತ್ತದೆ. ಮೈದಾನಕ್ಕೆ ಪುರಸಭೆಯ ಅನುಮತಿ ಬೇಡ, ಗ್ಯಾಸ್ ಸಿಲಿಂಡರ್ ಬೇಡ, ಮರುದಿನ ಎಲೆ ತಟ್ಟೆ ಆರಿಸುವ ಕೆಲಸವೂ ಇಲ್ಲ.

ಅಂಕಿಗಳ ಮಟ್ಟಿಗೆ ಈ ಲೆಕ್ಕ ಸರಿ. ಆದರೂ ಇದು ತಪ್ಪು ಲೆಕ್ಕ ಎಂದು ನನಗೆ ಅನಿಸುತ್ತದೆ. ಯಾಕೆಂದು ಹೇಳುವ ಮೊದಲು ನನ್ನ ಹಿತಾಸಕ್ತಿ ಹೇಳಿಬಿಡುತ್ತೇನೆ. ನಾನು ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ, ಅನುವಾದಕ. ಇಂಥ ಕ್ಲಬ್ಬುಗಳ ಅರ್ಜಿ, ಸಮೀಕ್ಷೆ, ವರದಿಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಬಾಡಿಗೆಯ ಒಂದು ಪಾಲನ್ನು ಕಟ್ಟುತ್ತದೆ. ಅಂದರೆ ಗ್ರಾಂಟು ಹೆಚ್ಚಾದಷ್ಟೂ ನನಗೆ ಲಾಭವೇ. ಮೇಳದಿಂದ ನನಗೆ ಒಂದು ಪುಟದ ಕೆಲಸವೂ ಹುಟ್ಟುವುದಿಲ್ಲ.

ರೋಟರಿಯ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. 1905ರ ಫೆಬ್ರವರಿಯಲ್ಲಿ ಚಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರ ಜೊತೆ ಸೇರಿ ಶುರು ಮಾಡಿದ್ದು. ಸಭೆ ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು. ಮೊದಲಿಗೆ ಅದು ವ್ಯಾಪಾರಸ್ಥರು ಪರಸ್ಪರ ಗಿರಾಕಿಗಳಾಗುವ ಕೂಟವೇ ಆಗಿತ್ತು. ಅವರು ಊರಿಗಾಗಿ ಕೈಹಾಕಿದ ಮೊದಲ ಕೆಲಸ, ಚಿಕಾಗೋ ಪೇಟೆಯ ನಡುವೆ ಒಂದು ಸಾರ್ವಜನಿಕ ಶೌಚಾಲಯ ಕಟ್ಟಿಸಲು ನಗರಾಡಳಿತವನ್ನು ಒಪ್ಪಿಸಿದ್ದು. ಭಾರತಕ್ಕೆ ಬಂದದ್ದು 1919ರಲ್ಲಿ, ಕಲ್ಕತ್ತಕ್ಕೆ. 1929ರಲ್ಲಿ ಬೊಂಬಾಯಿ ಮತ್ತು ಮದ್ರಾಸು, 1934ರಲ್ಲಿ ಬೆಂಗಳೂರು. ಈಗ ನಮ್ಮ ತಾಲ್ಲೂಕು ಊರುಗಳಲ್ಲೂ ಬಸ್ ಸ್ಟ್ಯಾಂಡಿನ ಹತ್ತಿರ ಆ ಹಲ್ಲಿನ ಚಕ್ರದ ಗುರುತು ಕಾಣದೇ ಇರುವುದು ಅಪರೂಪ. ಮುಂಬೈ, ಪುಣೆಗಳಲ್ಲಿ ಹೋಟೆಲು ನಡೆಸುವ ನಮ್ಮ ಕರಾವಳಿಯವರಲ್ಲಿ ಅಂಗಿಗೆ ರೋಟರಿಯದ್ದೋ ಲಯನ್ಸಿನದ್ದೋ ಪಿನ್ನು ಚುಚ್ಚಿಕೊಂಡವರನ್ನು ಈ ಪತ್ರ ಓದುವ ನೀವು ಎಷ್ಟೋ ಸಲ ನೋಡಿರುತ್ತೀರಿ.

ಗ್ಲೋಬಲ್ ಗ್ರಾಂಟ್ ಎನ್ನುವುದು ರೋಟರಿ ಪ್ರತಿಷ್ಠಾನದ ದೊಡ್ಡ ಅನುದಾನ. ಯೋಜನೆಯ ಮೊತ್ತ ಕನಿಷ್ಠ 30,000 ಡಾಲರ್ ಇರಬೇಕು, ಅಂದರೆ ಇಪ್ಪತ್ತೈದು ಲಕ್ಷ ರೂಪಾಯಿಗೂ ಮೇಲೆ. ಯೋಜನೆ ನಡೆಯುವ ಊರಿನ ಕ್ಲಬ್ಬಿನ ಜೊತೆ ಹೊರದೇಶದ ಒಂದು ಪಾಲುದಾರ ಕ್ಲಬ್ಬೂ ಇರಬೇಕು. ಅರ್ಜಿಗೆ ಮೊದಲು 'ಕಮ್ಯುನಿಟಿ ಅಸೆಸ್‌ಮೆಂಟ್' ಆಗಿರಬೇಕು, ಅಂದರೆ ಜನಕ್ಕೆ ಏನು ಬೇಕು ಎಂದು ಅವರನ್ನೇ ಕೇಳಿ ತಿಳಿದಿರಬೇಕು. ನಿಯಮವಾಗಿ ಇದು ಒಳ್ಳೆಯ ನಿಯಮ. ಚಿಕಾಗೋದಲ್ಲೋ ಚೆನ್ನೈಯಲ್ಲೋ ಕೂತವರು ಹಳ್ಳಿಗೆ ಏನು ಬೇಕೆಂದು ತಾವೇ ಊಹಿಸಿಕೊಳ್ಳಬಾರದು ಎಂಬ ಎಚ್ಚರ ಅದರಲ್ಲಿದೆ.

ಆದರೆ ಕೇಳುವುದು ಯಾವ ಮಾತಿನಲ್ಲಿ? ಒಂದು ಕ್ಲಬ್ಬಿನವರು ಯಾರೋ ಮಾಡಿಕೊಟ್ಟಿದ್ದ ಕನ್ನಡ ಪ್ರಶ್ನಾವಳಿಯನ್ನು ಮೂರು ಹಳ್ಳಿಗಳಲ್ಲಿ ತುಂಬಿಸಿ, ಉತ್ತರಗಳನ್ನು ಇಂಗ್ಲಿಷಿಗೆ ಮಾಡಲು ನನಗೆ ಕಳಿಸಿದ್ದರು. ಮೊದಲ ಪ್ರಶ್ನೆ: "ನಿಮ್ಮ ಸಮುದಾಯದ ಮುಖ್ಯ ಅಗತ್ಯಗಳು ಯಾವುವು?" ಬಂದ ಉತ್ತರಗಳಲ್ಲಿ ದೊಡ್ಡ ಪಾಲು ಒಂದೇ ಬಗೆಯವು. "ನಮ್ಮ ಸಮುದಾಯಕ್ಕೆ ಭವನ ಬೇಕು." "ನಮ್ಮ ಸಮುದಾಯದ ಹುಡುಗರಿಗೆ ಹಾಸ್ಟೆಲು." "ನಮ್ಮ ಸಮುದಾಯದವರಿಗೆ ಸ್ಮಶಾನಕ್ಕೆ ಜಾಗ ಇಲ್ಲ." ಯಾಕೆಂದು ಕನ್ನಡ ಪತ್ರಿಕೆ ಓದುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇವತ್ತಿನ ಕನ್ನಡದಲ್ಲಿ 'ಸಮುದಾಯ' ಎಂದರೆ ಜಾತಿ. ಜಾತಿ ಎಂದು ಬಾಯಿಬಿಟ್ಟು ಹೇಳಲು ಸಂಕೋಚವಾದಾಗ ಸಭೆಯಲ್ಲಿ ಬಳಸುವ ಮರ್ಯಾದೆಯ ಮಾತು. ಚುನಾವಣೆಯ ಕಾಲದಲ್ಲಿ ಟಿವಿ ಹಾಕಿದರೆ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತದೆ. ಇಂಗ್ಲಿಷಿನ 'ಕಮ್ಯುನಿಟಿ' ಬೇರೆ ಕಡೆಯಿಂದ ಹೊರಟು ಇಲ್ಲಿ ಬಂದು ಜಾತಿಯ ಮನೆಯಲ್ಲಿ ಇಳಿದಿದೆ.

ಹಾಗಾದರೆ 'ಊರು' ಎನ್ನೋಣವೇ? ಅದೂ ಅಷ್ಟು ಸುಲಭವಿಲ್ಲ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಮ್ಮ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. "ಊರಿಗೆ ಏನು ಬೇಕು" ಎಂದರೆ ಕೇರಿಯವರು ಅದು ತಮ್ಮನ್ನು ಕೇಳಿದ ಪ್ರಶ್ನೆ ಅಂದುಕೊಳ್ಳಬೇಕಾಗಿಲ್ಲ. ಭಾಷಾಶಾಸ್ತ್ರ ಓದುವಾಗ ಪದಕ್ಕೂ ಅರ್ಥಕ್ಕೂ ಇರುವ ನಂಟು ಯಾದೃಚ್ಛಿಕ ಎಂದು ಬರೆದು ಪಾಸಾಗಿದ್ದೆವು. ಹಳ್ಳಿಯಲ್ಲಿ ಆ ನಂಟಿಗೆ ರಸ್ತೆ, ಗಡಿ, ಬಾವಿ ಎಲ್ಲ ಇರುತ್ತವೆ.

ಆ ಉತ್ತರಗಳಲ್ಲಿ ಸ್ಮಶಾನದ ಜಾಗದ್ದು ನಿಜವಾದ ಅಗತ್ಯ, ತುಂಬ ಆಳದ್ದು. ಆದರೆ ಗ್ರಾಂಟು ಬರುವುದು ನಿಗದಿಯಾದ ಏಳು ಕ್ಷೇತ್ರಗಳಿಗೆ: ಶಾಂತಿ, ರೋಗ ತಡೆ, ನೀರು ಮತ್ತು ನೈರ್ಮಲ್ಯ, ತಾಯಿ ಮಗುವಿನ ಆರೋಗ್ಯ, ಶಿಕ್ಷಣ, ಆರ್ಥಿಕ ಅಭಿವೃದ್ಧಿ, ಪರಿಸರ. ಸ್ಮಶಾನ ಇವುಗಳಲ್ಲಿ ಎಲ್ಲೂ ಕೂರುವುದಿಲ್ಲ. ಕೊನೆಗೆ ಆ ಮೂರು ಹಳ್ಳಿಗಳ ಶಾಲೆಗಳಿಗೆ ಹೋದದ್ದು ಕುಡಿಯುವ ನೀರಿನ ಶುದ್ಧೀಕರಣ ಘಟಕ. ನೀರಿನ ತೊಂದರೆ ಅಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ನಾನು ಅನುವಾದಿಸಿದ ಹಾಳೆಗಳಲ್ಲಿ ಅದು ಮೊದಲ ಮಾತಾಗಿರಲಿಲ್ಲ.

ಇನ್ನು ವರದಿ. ಕೆಲಸ ಮುಗಿದ ಮೇಲೆ ಪ್ರತಿಷ್ಠಾನಕ್ಕೆ ವರದಿ ಹೋಗಬೇಕು, ಪಾಲುದಾರ ಕ್ಲಬ್ಬಿಗೂ ತೃಪ್ತಿಯಾಗಬೇಕು. ಎಷ್ಟು ಜನಕ್ಕೆ ಉಪಯೋಗ, ಬಿಲ್ಲು ಎಲ್ಲಿ, ಫೋಟೋ ಎಲ್ಲಿ, ಮುಂದೆ ನಿರ್ವಹಣೆ ಯಾರದು. ಈ ವರದಿಗಳು ಸಾಮಾನ್ಯವಾಗಿ ಪ್ರಾಮಾಣಿಕವಾಗಿಯೇ ಇರುತ್ತವೆ. ನನ್ನ ತಕರಾರು ಅವುಗಳ ದಿಕ್ಕಿನ ಬಗ್ಗೆ. ಇಷ್ಟು ವರ್ಷಗಳಲ್ಲಿ ಕನ್ನಡದ್ದನ್ನು ಇಂಗ್ಲಿಷಿಗೆ ಮಾಡಿಕೊಡಿ ಎಂದು ನೂರಾರು ಪುಟ ಬಂದಿವೆ. ಅಂತಿಮ ವರದಿಯನ್ನು ಕನ್ನಡಕ್ಕೆ ಮಾಡಿಕೊಡಿ, ಆ ಹಳ್ಳಿಯ ಶಾಲೆಯ ಗೋಡೆಗೆ ಅಂಟಿಸಬೇಕು ಎಂದು ಒಂದು ಪುಟವೂ ಬಂದಿಲ್ಲ. ಜರ್ಮನಿಯ ಪಾಲುದಾರ ಕ್ಲಬ್ಬಿಗೆ ಆ ಘಟಕದ ಪಂಪಿನ ಬೆಲೆ ಗೊತ್ತು, ಫಿಲ್ಟರು ಎಷ್ಟು ತಿಂಗಳಿಗೆ ಬದಲಿಸಬೇಕೆಂದು ಗೊತ್ತು. ಅದೇ ನೀರು ಕುಡಿಯುವ ಮಗುವಿನ ತಾಯಿಗೆ ಗೊತ್ತಿರುವುದು ಘಟಕದ ಮೇಲೆ ಕೆತ್ತಿಸಿದ ದಾನಿಗಳ ಹೆಸರು ಮಾತ್ರ.

ಊರಿನ ಪತ್ರಿಕೆಗೆ ಕೊಡುವ ಸುದ್ದಿ ಕನ್ನಡದಲ್ಲೇ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಅದರ ವ್ಯಾಕರಣ ಹೀಗೆ: "ಈ ಸಂದರ್ಭದಲ್ಲಿ 60 ಮಕ್ಕಳಿಗೆ ಬ್ಯಾಗು ವಿತರಿಸಲಾಯಿತು." ಮನೆಯಲ್ಲಿ ಯಾರೂ "ಪಲ್ಯ ಬಡಿಸಲಾಯಿತು" ಎನ್ನುವುದಿಲ್ಲ. ಈ '-ಲಾಯಿತು' ಕಚೇರಿಯ ಕಾಗದದಿಂದ ಪತ್ರಿಕೆಗೆ, ಪತ್ರಿಕೆಯಿಂದ ಕ್ಲಬ್ಬಿಗೆ ಬಂದದ್ದು. ಅದರಲ್ಲಿ ಕೊಟ್ಟವರು ಮರೆಯಾಗಬೇಕಿತ್ತು, ಆದರೆ ಮುಂದಿನ ಆರು ಸಾಲುಗಳಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಅಸಿಸ್ಟೆಂಟ್ ಗವರ್ನರ್ ಹೆಸರಿನ ಸಮೇತ ವಾಪಸು ಬರುತ್ತಾರೆ. ಹೆಸರಿಲ್ಲದೇ ಉಳಿಯುವವರು ಆ 60 ಮಕ್ಕಳು. ಅವರು ಚತುರ್ಥಿ ವಿಭಕ್ತಿಯಲ್ಲಿ, ಬಹುವಚನದಲ್ಲಿ ಬಂದು ಹೋಗುತ್ತಾರೆ. ಅವರಿಗೆ ಸರ್ಕಾರ ಇಟ್ಟ ಹೆಸರು 'ಫಲಾನುಭವಿ'. ಗಿಡ ನೆಟ್ಟವರು ಬೇರೆ ಯಾರೋ ಎಂದು ಆ ಪದವೇ ಹೇಳುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ರೋಟರಿಯ ವರ್ಷ ಜುಲೈ 1ಕ್ಕೆ ಶುರು, ಪ್ರತಿ ವರ್ಷ ಹೊಸ ಅಧ್ಯಕ್ಷರು. ಅಧಿಕಾರ ಒಬ್ಬರ ಕೈಯಲ್ಲೇ ಗಟ್ಟಿಯಾಗಬಾರದೆಂಬ ಆಲೋಚನೆ ಮೆಚ್ಚುವಂಥದ್ದೇ. ಆದರೆ ಬಂದವರಿಗೆಲ್ಲ ತಮ್ಮದೇ ಒಂದು ಹೊಸ ಪ್ರಾಜೆಕ್ಟು ಬೇಕು. ಹಿಂದಿನ ಅಧ್ಯಕ್ಷರ ಕಾಲದ ಘಟಕಕ್ಕೆ ಫಿಲ್ಟರು ಬದಲಿಸಿದ ಫೋಟೋ ಯಾವ ಪತ್ರಿಕೆಯೂ ಹಾಕುವುದಿಲ್ಲ. ಹೀಗೆ ನಿಂತುಹೋದ ನೀರಿನ ಘಟಕದ ಮೇಲೆ ಸೈಕಲ್ ಒರಗಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ಕಂಡಿದ್ದೇನೆ.

ರೋಟರಿಗೆ ಕೇಳಿಸಿಕೊಳ್ಳಲು ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಈ ದೇಶದಲ್ಲಿ ಮಾಡಿದ ಅತಿ ದೊಡ್ಡ ಕೆಲಸ ಗೆದ್ದದ್ದೇ ಕೇಳಿಸಿಕೊಂಡಿದ್ದರಿಂದ. 1985ರಲ್ಲಿ ರೋಟರಿ ಪೋಲಿಯೊ ವಿರುದ್ಧ ಜಾಗತಿಕ ಅಭಿಯಾನಕ್ಕೆ ಇಳಿಯಿತು. ನಮ್ಮಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಶುರುವಾಯಿತು. ದುಡ್ಡಿತ್ತು, ಲಸಿಕೆಯಿತ್ತು, ಬೂತಿತ್ತು. ಆದರೂ 2009ರಲ್ಲಿ ಭಾರತದಲ್ಲಿ 741 ಪ್ರಕರಣ, ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಅರ್ಧದ ಹತ್ತಿರ. ಪಶ್ಚಿಮ ಉತ್ತರ ಪ್ರದೇಶದ ಎಷ್ಟೋ ಮೊಹಲ್ಲಾಗಳಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಚರಂಡಿ ಕೇಳಿದರೆ ಬರಲಿಲ್ಲ, ಡಾಕ್ಟರು ಕೇಳಿದರೆ ಬರಲಿಲ್ಲ, ಈ ಎರಡು ಹನಿ ಮಾತ್ರ ಯಾಕೆ ಪದೇ ಪದೇ ಮನೆಬಾಗಿಲಿಗೆ ಬರುತ್ತದೆ ಎಂಬುದು ಅಲ್ಲಿನವರ ಅನುಮಾನ. ನ್ಯಾಯವಾದ ಅನುಮಾನವೇ. ರೋಟರಿಯವರು ಉಲೇಮಾಗಳ ಸಮಿತಿ ಮಾಡಿ ಅವರ ಜೊತೆ ಕೂತರು. ಯುನಿಸೆಫ್ ಅದೇ ಮೊಹಲ್ಲಾಗಳ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡು, ಅವರದೇ ಮಾತಿನಲ್ಲಿ ಮನೆ ಮನೆಗೆ ಕಳಿಸಿತು. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಪ್ರತಿ ಕ್ಲಬ್ಬಿನ ಪ್ರತಿ ಭಾಷಣದಲ್ಲಿ ಈ ಕಥೆಯ ಕೊನೆಯ ಎರಡು ದಿನಾಂಕಗಳು ಬರುತ್ತವೆ. ಉಲೇಮಾಗಳ ಜೊತೆ ಕುಡಿದ ಚಹಾದ ಭಾಗ ಬರುವುದು ಕಡಿಮೆ.

ವಿನಿಮಯ ಕಾರ್ಯಕ್ರಮಗಳದ್ದೂ ಹೀಗೆಯೇ. ರೋಟರಿಯ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಹದಿಹರೆಯದ ಮಕ್ಕಳು ಒಂದು ಶಾಲಾ ವರ್ಷ ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಮನೆಗಳಲ್ಲಿ ಉಳಿದು, ಅಲ್ಲಿನ ಶಾಲೆಗೆ ಹೋಗುತ್ತಾರೆ. 1965ರಿಂದ ಸುಮಾರು ಅರ್ಧ ಶತಮಾನ 'ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್' ಎಂಬುದೂ ಇತ್ತು. ರೋಟರಿಯ ಸದಸ್ಯರಲ್ಲದ ಯುವ ವೃತ್ತಿಪರರನ್ನು, ಮೇಷ್ಟರು, ಪತ್ರಕರ್ತರು, ಎಂಜಿನಿಯರುಗಳನ್ನು, ನಾಲ್ಕಾರು ವಾರ ಬೇರೆ ದೇಶದ ಮನೆಗಳಲ್ಲಿ ಇರಿಸುತ್ತಿದ್ದರು.

ಎಂಎ ಮುಗಿಸಿದ ಹೊಸತರಲ್ಲಿ ನಾನು ಬ್ರೆಜಿಲಿನಿಂದ ಹೀಗೆ ಬಂದಿದ್ದ ಹುಡುಗಿಯೊಬ್ಬಳಿಗೆ ವಾರಕ್ಕೆ ಎರಡು ದಿನ ಕನ್ನಡ ಹೇಳಿಕೊಡುತ್ತಿದ್ದೆ. ನಾನು ಕಲಿಸಿದ ವಿಭಕ್ತಿ ಪ್ರತ್ಯಯಗಳು ಅವಳ ತಲೆಗೆ ಹೋಗಲಿಲ್ಲ, ಇದ್ದ ಮನೆಯ ಅಜ್ಜಿ ಕಲಿಸಿದ್ದೆಲ್ಲ ಹೋಯಿತು. ಆರು ತಿಂಗಳಿಗೆ ನಲ್ಲಿಯಲ್ಲಿ ನೀರು ಬರುವ ದಿನ ಯಾವುದು, ಪಕ್ಕದ ಬೀದಿಗೆ ಬರದಿರುವುದು ಯಾಕೆ, ವಾಲ್ವ್‌ಮನ್ ಯಾರ ಮಾತು ಕೇಳುತ್ತಾನೆ ಎಲ್ಲವೂ ಅವಳಿಗೆ ಗೊತ್ತಿತ್ತು. ಯಾವ ಪ್ರಶ್ನಾವಳಿಯೂ ಅದನ್ನು ಹೊರತೆಗೆಯುತ್ತಿರಲಿಲ್ಲ. ಒಬ್ಬ ಹುಡುಗಿ ಬೇರೆಯವರ ಬದುಕನ್ನು ಅರಿಯಲು ಮನೆ, ಶಾಲೆ, ಭಾಷೆಯ ಪಾಠ, ಹನ್ನೆರಡು ತಿಂಗಳು ಬೇಕೆಂದು ಕ್ಲಬ್ಬಿಗೆ ತಿಳಿದಿತ್ತು. ಹನ್ನೆರಡು ಕಿಲೋಮೀಟರ್ ಆಚೆಯ ಹಳ್ಳಿಯನ್ನು ಅರಿಯಲು ಅದೇ ಕ್ಲಬ್ಬು ಒಂದು ಭಾನುವಾರದ ಬೆಳಗ್ಗೆ ಸಾಕೆಂದುಕೊಂಡಿತ್ತು. ಕ್ಲಬ್ಬಿನ ಇಬ್ಬರು ಸದಸ್ಯರು ಯೋಜನೆಯ ಹಳ್ಳಿಯಲ್ಲಿ ನಾಲ್ಕು ರಾತ್ರಿ ಯಾರದಾದರೂ ಮನೆಯಲ್ಲಿ ಉಳಿದು ಬರಲಿ, ಆ ಮನೆಯ ಇಬ್ಬರು ಪೇಟೆಗೆ ಬಂದು ಇವರ ಮನೆಯಲ್ಲಿ ಉಳಿಯಲಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ವೀಸಾದ ಖರ್ಚೂ ಇಲ್ಲ. ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆ ಏಳುತ್ತದೆ, ಏಳಲಿ.

ಈಗ ಮೇಳಕ್ಕೆ ಬರುತ್ತೇನೆ. ಗ್ರಾಂಟಿನಲ್ಲಿ ಇಲ್ಲದ್ದು, ವರದಿಯಲ್ಲಿ ಇಲ್ಲದ್ದು ಮೈದಾನದ ಆ ಮೂರು ಸಂಜೆಗಳಲ್ಲಿ ಇದೆ. ವರ್ಷವಿಡೀ ಕ್ಲಬ್ಬು ವೇದಿಕೆಯ ಮೇಲೆ, ಊರು ಕುರ್ಚಿಯಲ್ಲಿ. ಮೇಳದಲ್ಲಿ ಮಾತ್ರ ಊರು ಗಿರಾಕಿ. ಕ್ಲಬ್ಬಿನ ಅಧ್ಯಕ್ಷರಾದ ಮೂಳೆ ಡಾಕ್ಟರು ಏಪ್ರನ್ ಕಟ್ಟಿಕೊಂಡು ಕಾವಲಿ ಮುಂದೆ ನಿಂತಿರುತ್ತಾರೆ. ಆಟೋ ಓಡಿಸುವವನು ಟೋಕನ್ ಚಾಚಿ "ಸ್ವಲ್ಪ ಗರಿ ಇರ್ಲಿ ಡಾಕ್ಟ್ರೇ" ಅನ್ನುತ್ತಾನೆ. ಬೇರೆ ದಿನ ಇದೇ ಡಾಕ್ಟರ ಮುಂದೆ ಚೀಟಿ ಹಿಡಿದು ಎರಡು ಗಂಟೆ ಕಾಯುವವನು ಅವನು. ದೋಸೆ ತಿನ್ನುತ್ತಾ ಅವನೇ ಕೇಳುತ್ತಾನೆ, "ಹೋದ್ಸಲದ ದುಡ್ಡು ಏನ್ ಮಾಡಿದ್ರಿ?" ದನಿಯಲ್ಲಿ ತಮಾಷೆ ಇದ್ದರೂ ಪ್ರಶ್ನೆ ತಮಾಷೆಯದ್ದಲ್ಲ. ಕೇಳಲು ಅವನಿಗೆ ಹಕ್ಕಿದೆ, ಕೊಟ್ಟ ಐವತ್ತು ರೂಪಾಯಿಯಿಂದ ಬಂದ ಹಕ್ಕು. ಅಕ್ಕಿ ಕೊಟ್ಟ ಗಿರಣಿಯವರಿಗಿದೆ, ಪುಕ್ಕಟೆ ಶಾಮಿಯಾನ ಹಾಕಿದವರಿಗಿದೆ, ಲಕ್ಕಿ ಡ್ರಾ ಚೀಟಿ ಹರಿಸಿಕೊಂಡು ಏನೂ ಗೆಲ್ಲದ ಎಲ್ಲರಿಗೂ ಇದೆ.

ಹೊರದೇಶದ ಪಾಲುದಾರ ಲೆಕ್ಕ ಕೇಳಿದರೆ ಹನ್ನೆರಡು ಪುಟ ಹೋಗುತ್ತದೆ. ಕಂಪನಿಗೂ ಹೋಗುತ್ತದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು ಹೇಳಿದ ಮೇಲೆ ಅವರಿಗೂ ಕಡತ ಬೇಕು. ದುಡ್ಡು ಕೊಟ್ಟವರಿಗೆ ಲೆಕ್ಕ ಎಂಬುದೇ ನಿಯಮವಾದರೆ, ಊರಿನವರೂ ದುಡ್ಡು ಕೊಡುವ ಏಕೈಕ ಸಂದರ್ಭವನ್ನು ಕ್ಲಬ್ಬು ಕೈಬಿಡುತ್ತಿದೆ. ಮೇಳ ನಿಂತ ಮೇಲೆ ಊರಿಗೆ ಉಳಿಯುವುದು ತೆಗೆದುಕೊಳ್ಳುವ ಕೈ ಮಾತ್ರ. ತೆಗೆದುಕೊಳ್ಳುವವರು ಪ್ರಶ್ನೆ ಕೇಳಿದರೆ ನಮ್ಮಲ್ಲಿ ಅದಕ್ಕೆ ಕೃತಘ್ನತೆ ಎಂಬ ಹೆಸರಿದೆ.

ಮೇಳದ ವಿರುದ್ಧ ಹೇಳಲು ಬೇಕಾದಷ್ಟಿದೆ. ಪ್ಲಾಸ್ಟಿಕ್ಕಿದೆ, ಚೆಲ್ಲುವ ಅನ್ನವಿದೆ, ಬೀದಿ ಬದಿಯ ಗಾಡಿಯವರ ಮೂರು ದಿನದ ವ್ಯಾಪಾರ ಹೋಗುತ್ತದೆ. ನನಗೆ ಸರಿಯೆನಿಸಿದ ಆಕ್ಷೇಪ ಬೇರೆ, ಅದು ಬಂದದ್ದು ಸದಸ್ಯರೊಬ್ಬರ ಹೆಂಡತಿಯಿಂದ: "ನಿಮಗೇನು, ಹಿಟ್ಟು ರುಬ್ಬೋರು ನಾವು." ರೋಟರಿ ಹೆಂಗಸರನ್ನು ಸದಸ್ಯರಾಗಿ ತೆಗೆದುಕೊಳ್ಳಲು 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಬೇಕಾಯಿತು, ನಿಯಮ ಬದಲಾದದ್ದು 1989ರಲ್ಲಿ. ಹಿಟ್ಟು ರುಬ್ಬುವ ಕೆಲಸಕ್ಕೆ ಯಾವ ಕೋರ್ಟೂ ಬೇಕಾಗಿರಲಿಲ್ಲ. ಅವರ ಮಾತಿಗೆ ಉತ್ತರ ಮೇಳ ನಿಲ್ಲಿಸುವುದಲ್ಲ, ರುಬ್ಬುವವರನ್ನು ಬದಲಿಸುವುದು. ದೋಸೆಯ ಬದಲು ಮಂಡಕ್ಕಿಯೇ ಸಾಕಾದರೆ ಹಾಗೂ ಆಗಲಿ.

ಕ್ಲಬ್ಬುಗಳಿಂದ ನಾನು ಕೇಳುವುದು ದೊಡ್ಡದಲ್ಲ. ಟೋಕನ್ ಕೌಂಟರಿನ ಪಕ್ಕ ಒಂದು ಹಲಗೆ. ಹೋದ ವರ್ಷ ಬಂದದ್ದು ಇಷ್ಟು, ಗ್ರಾಂಟಿನದ್ದು ಇಷ್ಟು, ಖರ್ಚಾದದ್ದು ಇಲ್ಲಿ, ಈಗ ನಡೆಯುತ್ತಿರುವುದು ಇದು, ಕೆಟ್ಟು ನಿಂತಿರುವುದು ಇದು. '-ಲಾಗಿದೆ' ಬೇಡ, ಕೊಂಡೆವು, ಹಾಕಿಸಿದೆವು, ಕೆಟ್ಟಿದೆ. ಗ್ರಾಂಟಿನ ಅಂತಿಮ ವರದಿಯದ್ದು ಎರಡು ಪುಟದ ಕನ್ನಡ ಸಾರ ಆ ಹಳ್ಳಿಯ ಪಂಚಾಯಿತಿ ಗೋಡೆಗೆ. ಒಂದು ಪದಗ್ರಹಣ ಸಮಾರಂಭದ ಶಾಲು, ಪೇಟ, ಹಾರ, ಸ್ಮರಣಿಕೆಗಳಿಗಿಂತ ಇದು ಅಗ್ಗ. ನನ್ನ ದರ ನನಗೆ ಗೊತ್ತಿರುವುದರಿಂದ ಇಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಈ ಪತ್ರ ಓದುವ ನಿಮ್ಮಲ್ಲಿ ಬಹಳ ಜನಕ್ಕೆ ಊರಿನಿಂದ ವಾಟ್ಸಾಪಿನಲ್ಲಿ ಮನವಿ ಬರುತ್ತಿರುತ್ತದೆ. ನೀವು ಓದಿದ ಶಾಲೆಗೆ ಸ್ಮಾರ್ಟ್ ಬೋರ್ಡು, ನಿಮ್ಮ ತಾಯಿಯ ಹೆಸರಿನಲ್ಲಿ ಒಂದು ಕಣ್ಣಿನ ಶಿಬಿರ. ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ಹೈದರಾಬಾದಿನಲ್ಲೋ ದೆಹಲಿಯಲ್ಲೋ ಇರುವ ನಿಮಗೆ ಬರುವ ಇಂಗ್ಲಿಷ್ ಪಿಡಿಎಫ್ ಊರಿನ ಗೋಡೆಯ ಮೇಲೆ ಕನ್ನಡದಲ್ಲೂ ಇದೆಯೇ ಎಂದು ಒಂದು ಸಾಲು ಬರೆದು ಕೇಳಿ. ದೂರದ ದಾನಿ ಕೇಳಿದರೆ ಕ್ಲಬ್ಬು ಮಾಡುತ್ತದೆ, ಆ ಅಭ್ಯಾಸ ಅದಕ್ಕೆ ಮೊದಲಿನಿಂದಲೂ ಇದೆ.

ಮೇಳ ಬೇಡವೆಂದ ಎರಡು ಕ್ಲಬ್ಬುಗಳಲ್ಲಿ ಒಂದರ ಕಾರ್ಯದರ್ಶಿಗೆ ಇಂಥದ್ದೊಂದು ಹಲಗೆಯ ಮಾದರಿಯನ್ನು ಒಂದು ಪುಟದಲ್ಲಿ ಬರೆದು ಕಳಿಸಿದ್ದೇನೆ, ದರ ಹಾಕದೆ. ಅವರು ಎರಡು ದಿನ ಬಿಟ್ಟು ಫೋನು ಮಾಡಿ, ಕೆಟ್ಟು ನಿಂತಿರುವುದರ ಪಟ್ಟಿಯೂ ಬೇಕೇ ಎಂದು ಕೇಳಿದರು. ಅದೇ ಮೊದಲು ಬರಲಿ ಎಂದೆ. ಜೂನಿನ ಸಭೆಯಲ್ಲಿ ಇಡುತ್ತಾರಂತೆ. ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುತ್ತಾರೆ.